ಪವರ್ ಸ್ಪ್ರೇಯರಿನ ಪ್ಲಗ್ ಪರೀಕ್ಷೆ



ಮುಂಗಾರಿಗೆ ಮುನ್ನ ಅಡಿಕೆಗೆ ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸುವ ಹೊತ್ತಿಗೇ ಯಂತ್ರ ಕೆಟ್ಟು ನಿಂತರೆ ಕೊಳೆರೋಗ ನಮಗಾಗಿ ಕಾಯುವುದಿಲ್ಲ. ಟೂ-ಸ್ಟ್ರೋಕ್ ಪೆಟ್ರೋಲ್ ಇಂಜಿನ್ನಿನ ಒಳಗಿನ ತೊಂದರೆಯನ್ನು ಸ್ಪಾರ್ಕ್ ಪ್ಲಗ್ ನೋಡಿಯೇ ಮುಂಚಿತವಾಗಿ ತಿಳಿಯಬಹುದು.

ಐದಾರು ನಿಮಿಷ ಪೂರ್ಣ ವೇಗದಲ್ಲಿ ಸಿಂಪರಣೆ ಮಾಡಿ, ವೇಗ ತಗ್ಗಿಸದೆ ಒಮ್ಮೆಲೇ ಇಂಜಿನ್ ನಿಲ್ಲಿಸಿರಿ. ಆರಿದ ಮೇಲೆ ಪ್ಲಗ್ ಬಿಚ್ಚಿ, ತುದಿಯ ಪಿಂಗಾಣಿಯ ಬಣ್ಣ ನೋಡಿರಿ.

ತಿಳಿಗಂದು ಬಣ್ಣವಿದ್ದರೆ ಎಲ್ಲವೂ ಸರಿಯಾಗಿದೆ. ಒಣ ಕಪ್ಪು ಮಸಿ ಕಂಡರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಗಾಳಿ ಶೋಧಕವನ್ನು ಶುಚಿಮಾಡಿ, ಚೋಕ್ ಪರೀಕ್ಷಿಸಿರಿ. ಜಿಡ್ಡುಜಿಡ್ಡಾದ ಕಪ್ಪಿದ್ದರೆ ಸಾಮಾನ್ಯವಾಗಿ ಆಯಿಲ್ ಹೆಚ್ಚಾಗಿದೆ. ತಯಾರಕರು ಹೇಳಿದ ಪ್ರಮಾಣದಲ್ಲೇ ಅಳೆದು ಬೆರೆಸಿರಿ.

ಸುಣ್ಣದಂತಹ ಬಿಳುಪು ಅಥವಾ ಗುಳ್ಳೆಗಳಿದ್ದರೆ ಎಚ್ಚರ! ಪೆಟ್ರೋಲ್ ಸಾಲದೆ ಇಂಜಿನ್ ಅತಿಯಾಗಿ ಬಿಸಿಯಾಗುತ್ತಿದೆ. ಆಯಿಲ್ ಪೆಟ್ರೋಲಿನೊಡನೆಯೇ ಬರುವುದರಿಂದ ಪಿಸ್ಟನ್ನಿಗೆ ಅದೂ ಸಾಲದೆ ಸೀಜ್ ಆದೀತು. ಕೂಡಲೇ ಕೆಲಸ ನಿಲ್ಲಿಸಿ, ಕಾರ್ಬೊರೇಟರಿನ ಜೆಟ್ ಮತ್ತು ಪೆಟ್ರೋಲ್ ಶೋಧಕದಲ್ಲಿ ಕಸ ಕಟ್ಟಿದೆಯೇ, ಗ್ಯಾಸ್ಕೆಟ್ಟಿನಲ್ಲಿ ಗಾಳಿ ಸೋರುತ್ತಿದೆಯೇ ನೋಡಿರಿ.

ಹೊಸ ಪ್ಲಗ್ ಹಾಕಿದ ಮಾತ್ರಕ್ಕೆ ದೋಷ ಹೋಗದು. ಮೊದಲು ಕಾರಣವನ್ನು ಸರಿಪಡಿಸಿ, ಅನಂತರ ಕೈಪಿಡಿಯಲ್ಲಿ ಸೂಚಿಸಿದ ನಂಬರಿನ ಪ್ಲಗ್ಗನ್ನೇ ಹಾಕಿರಿ.