ಕಾರ್ನರಿಗೆ ಹೊಸ ಹುಡುಗನನ್ನು ನಿಲ್ಲಿಸಬಹುದೇ?



ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಬಸ್ಸಿನಲ್ಲಿ ನೀವು ಪ್ರಯಾಣ ಮಾಡಿರಬಹುದು. ಕೆ.ಎಂ. ದೊಡ್ಡಿ ಬರುವಷ್ಟರಲ್ಲಿ ಕಬ್ಬಿನ ದರ, ನಾಲೆಯ ನೀರು, ರಾಜಕೀಯ ಈ ಮೂರೂ ಮುಗಿದಿರುತ್ತವೆ. ಆಮೇಲೆ ಕಬಡ್ಡಿಯ ಮಾತು ಶುರುವಾಗುತ್ತದೆ. ಮಂಡ್ಯ ಜಿಲ್ಲೆಯಲ್ಲಿ ಇದು ಟೀವಿಯಿಂದ ಬಂದ ಗೀಳಲ್ಲ. ಸುಗ್ಗಿ ಮುಗಿದ ಗದ್ದೆಯಲ್ಲಿ, ಶಾಲೆಯ ಬಯಲಿನಲ್ಲಿ, ಹಬ್ಬದ ರಾತ್ರಿಯ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ಬೆಳೆದ ಆಟ ಇದು. ಹಾಗಾಗಿ ಇಲ್ಲಿ ಪ್ರತಿಯೊಬ್ಬ ನೋಡುಗನೂ ಅರ್ಧ ತರಬೇತುದಾರ.

2025ರ ಮೇ ತಿಂಗಳ ಕೊನೆಯಲ್ಲಿ ಆ ಬಸ್ಸಿನಲ್ಲಿ ಕೇಳಿದ ಒಂದು ವಾದವನ್ನು ನಿಮ್ಮ ಮುಂದಿಡಲು ಬಯಸುತ್ತೇನೆ. ಪ್ರೊ ಕಬಡ್ಡಿ ಲೀಗಿನ ಆಟಗಾರರ ಹರಾಜು ಹತ್ತಿರ ಬಂದಿತ್ತು. ಅದಕ್ಕೆ ಹಿಂದಿನ ಋತುವಿನಲ್ಲಿ, ಅಂದರೆ 2024ರಲ್ಲಿ, ಬೆಂಗಳೂರು ಬುಲ್ಸ್ ತಂಡ 22 ಪಂದ್ಯಗಳನ್ನಾಡಿ ಗೆದ್ದದ್ದು ಎರಡೇ ಎರಡು. ಹೆಗಲ ಮೇಲೆ ಟವೆಲ್ ಹಾಕಿದ್ದ ಹಿರಿಯರೊಬ್ಬರು ನಗುತ್ತಲೇ ಹೇಳಿದರು: "ಹೋದ್ ವರ್ಷ ನಮ್ ಮಾನ ಹರಾಜಾಯ್ತು, ಈ ವರ್ಷ ಆಟಗಾರ್ರ ಹರಾಜು." ಬಸ್ಸೆಲ್ಲ ನಕ್ಕಿತು. ನಂತರ ಅವರ ಧ್ವನಿ ಗಂಭೀರವಾಯಿತು.

"ಎಳೇ ಹುಡುಗನ ಮ್ಯಾಲೆ ಕೋಟಿ ಸುರಿದ್ರೆ ಕೆಟ್ರು ಅಂತಾನೇ ಲೆಕ್ಕ. ಕಾರ್ನರ್ ಅಂದ್ರೆ ಅನುಭವ ಬೇಕು ಕಣ್ಲಾ. ದುಡುಕಿ ಕಾಲಿಗೆ ಬಿದ್ರೆ ಆಟ ಹೋಯ್ತು."

ಪಕ್ಕದಲ್ಲಿ ನಿಂತಿದ್ದ ಕಾಲೇಜು ಹುಡುಗ ಸುಮ್ಮನಿರಲಿಲ್ಲ. "ಅಲ್ಲ ಕಣಣ್ಣ, ಎಲ್ರೂ ಹಳಬ್ರನ್ನೇ ತಕಂಡ್ರೆ ಹೊಸಬ್ರಿಗೆ ಅನುಭವ ಎಲ್ಲಿಂದ ಬತ್ತದೆ? ಹೊಟ್ಟೇಲೇ ಕಲ್ತು ಬತ್ತಾರಾ?"

ಮಿತ್ರರೇ, ಇಬ್ಬರ ಮಾತಿನಲ್ಲೂ ಸತ್ಯವಿದೆ. ಈ ವಾದವನ್ನು ಜೋರು ಧ್ವನಿಯಿಂದ ಗೆಲ್ಲಲಾಗುವುದಿಲ್ಲ. ಒಂದಷ್ಟು ಸರಿಯಾದ ಪ್ರಶ್ನೆಗಳನ್ನು ಕೇಳಿಕೊಂಡರೆ ಮಾತ್ರ ದಾರಿ ಕಾಣುತ್ತದೆ.

ಮೊದಲು ಆಟದ ಲೆಕ್ಕವನ್ನು ನೋಡೋಣ. ದಾಳಿಗೆ ಹೋದ ರೈಡರ್ ಯಾರನ್ನೂ ಮುಟ್ಟದೆ ಹಿಂದಿರುಗಿದರೆ ಸಾಮಾನ್ಯವಾಗಿ ಅವನ ತಂಡಕ್ಕೆ ನಷ್ಟವಿಲ್ಲ. ಸತತ ಎರಡು ಬರಿಗೈ ದಾಳಿಗಳ ನಂತರದ ಮೂರನೆಯ ದಾಳಿಯಲ್ಲಿ ಮಾತ್ರ ಅವನು ಅಂಕ ತರಲೇಬೇಕು, ಇಲ್ಲವಾದರೆ ಔಟ್. ಹಿಡಿಯುವವನ ಪಾಡು ಹಾಗಲ್ಲ. ಅವನು ಹಿಡಿಯಲು ಹೋಗಿ ಹಿಡಿತ ತಪ್ಪಿತೆಂದರೆ ಎದುರಾಳಿಗೆ ಅಂಕ ಹೋಗುತ್ತದೆ, ತಾನೂ ಹೊರಗೆ ಹೋಗುತ್ತಾನೆ. ಸಹಾಯಕ್ಕೆ ಬಂದು ರೈಡರನ್ನು ಮುಟ್ಟಿದವರೂ ಅವನ ಹಿಂದೆಯೇ ನಡೆಯಬೇಕು. ತನ್ನ ತಂಡ ಅಂಕ ಗಳಿಸಿ ಅವನನ್ನು ಮತ್ತೆ ಒಳಗೆ ಕರೆಯುವವರೆಗೆ ಆ ಮೂಲೆ ಖಾಲಿ. ಮುಂದಿನ ರೈಡರ್ ಮೊದಲು ಕಣ್ಣು ಹಾಕುವುದೇ ಆ ಖಾಲಿ ಮೂಲೆಯ ಮೇಲೆ.

ಕಾರ್ನರ್ ಆಟಗಾರನ ಕೆಲಸ ಹೆಚ್ಚಾಗಿ ಕಾಲಿನ ಮೇಲೆ. ಕಣಕಾಲು, ತೊಡೆ, ಇವೇ ಅವನ ಗುರಿ. ಕ್ಷಣದ ಮೊದಲು ಬಿದ್ದರೆ ರೈಡರ್ ಮೇಲಿಂದ ಹಾರುತ್ತಾನೆ. ಕ್ಷಣ ತಡವಾದರೆ ಮಧ್ಯಗೆರೆ ದಾಟಿರುತ್ತಾನೆ. ಆದ್ದರಿಂದಲೇ ಎಳೆಯ ರೈಡರನನ್ನು ಆಯ್ಕೆ ಮಾಡುವುದಕ್ಕಿಂತ ಎಳೆಯ ಕಾರ್ನರನನ್ನು ಆಯ್ಕೆ ಮಾಡುವುದು ಹೆಚ್ಚು ಎದೆಗಾರಿಕೆಯ ಕೆಲಸ. ಟವೆಲ್ಲಿನ ಹಿರಿಯರ ಭಯ ಬರಿಯ ಭಯವಲ್ಲ, ಅದಕ್ಕೆ ಆಟದ ನಿಯಮವೇ ಕಾರಣ.

ಹಾಗಾದರೆ ಹೆಸರಾದವರನ್ನು ಕೊಂಡರೆ ಅಪಾಯ ತಪ್ಪುತ್ತದೆಯೇ? 2016ರ ಹರಾಜಿನಲ್ಲಿ ಬುಲ್ಸ್ ತಂಡ ಆಗಲೇ ಹೆಸರು ಮಾಡಿದ್ದ ಡಿಫೆಂಡರ್ ಮೋಹಿತ್ ಛಿಲ್ಲರ್ ಅವರನ್ನು 53 ಲಕ್ಷ ರೂಪಾಯಿಗೆ ಕೊಂಡಿತು. ಆ ಹರಾಜಿನಲ್ಲಿ ಅದೇ ಅತಿ ದೊಡ್ಡ ಬೆಲೆ. ಆದರೂ ಆ ಋತುವಿನಲ್ಲಿ ತಂಡ ಸೆಮಿಫೈನಲ್ ತಲುಪಲಿಲ್ಲ. 2022ರಲ್ಲಿ ಪವನ್ ಸೆಹ್ರಾವತ್ ಅವರನ್ನು ತಮಿಳ್ ತಲೈವಾಸ್ ತಂಡ 2 ಕೋಟಿ 26 ಲಕ್ಷಕ್ಕೆ ಕೊಂಡಿತು. ಬುಲ್ಸ್ ತಂಡಕ್ಕೆ 2019ರ ಜನವರಿಯಲ್ಲಿ ಪ್ರಶಸ್ತಿ ಗೆದ್ದುಕೊಟ್ಟ ಅದೇ ಪವನ್. ಮೊದಲ ಪಂದ್ಯದಲ್ಲೇ, ಅದೂ ಎದುರಾಳಿಯನ್ನು ಹಿಡಿಯಲು ಹೋಗಿ, ಮಂಡಿಗೆ ಪೆಟ್ಟಾಗಿ ಇಡೀ ಋತು ಹೊರಗುಳಿದರು. ಆದ್ದರಿಂದ ಹಳಬ ಎಂದರೆ ಭದ್ರ, ಹೊಸಬ ಎಂದರೆ ಜೂಜು ಎನ್ನುವ ಲೆಕ್ಕ ಅಷ್ಟು ಸರಳವಲ್ಲ.

ಈಗ ಪ್ರಶ್ನೆಗಳಿಗೆ ಬರೋಣ. ಒಂದನೆಯದು, ಹುಡುಗನ ತಪ್ಪು ಯಾವ ಬಗೆಯದು?

ಇರಾನಿನ ಮೊಹಮ್ಮದ್‌ರೇಜಾ ಶಾದ್ಲೂಯಿ ಅವರನ್ನು ತೆಗೆದುಕೊಳ್ಳಿ. 2021ರಲ್ಲಿ ಪಟ್ನಾ ತಂಡ ಅವರನ್ನು ಕೊಂಡದ್ದು 31 ಲಕ್ಷಕ್ಕೆ. ರೈಡರ್ ತನ್ನ ಬಳಿಗೆ ಬರಲೆಂದು ಕಾಯುವ ಕಾರ್ನರ್ ಅಲ್ಲ ಅವರು, ತಾವೇ ಮುನ್ನುಗ್ಗುವವರು. ಅದರಿಂದ ಎಷ್ಟೋ ಹಿಡಿತ ತಪ್ಪಿದ್ದುಂಟು. ಆದರೆ ಆ ಒಂದೇ ಋತುವಿನಲ್ಲಿ ಅವರು 89 ಟ್ಯಾಕಲ್ ಅಂಕ ಗಳಿಸಿ ಲೀಗಿನ ಶ್ರೇಷ್ಠ ಡಿಫೆಂಡರ್ ಎನಿಸಿಕೊಂಡರು. ಪಟ್ನಾ ಫೈನಲ್‌ವರೆಗೆ ಬಂದು, 2022ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ದೆಹಲಿ ತಂಡಕ್ಕೆ ಒಂದೇ ಒಂದು ಅಂಕದಿಂದ ಸೋತಿತು. 2023ರಲ್ಲಿ ಪುಣೆ ತಂಡ ಅವರಿಗೆ ಕೊಟ್ಟ ಬೆಲೆ 2 ಕೋಟಿ 35 ಲಕ್ಷ. ಮುಂದಿನ ಮಾರ್ಚ್‌ನಲ್ಲಿ ಪುಣೆ ಚಾಂಪಿಯನ್ ಆಯಿತು.

ಅವರ ತಪ್ಪು ಧೈರ್ಯ ಹೆಚ್ಚಾದದ್ದರಿಂದ ಆದ ತಪ್ಪು. ಹೆಚ್ಚಾದದ್ದನ್ನು ತಿದ್ದಿ ಹದಕ್ಕೆ ತರಬಹುದು. ಹೆದರಿ ಹಿಂದೆ ಸರಿಯುವವನಿಗೆ, ಮೈ ದಂಡಿಸದವನಿಗೆ, ಹೇಳಿದ್ದನ್ನು ಕೇಳದವನಿಗೆ ಹದ ಕಲಿಸುವುದು ಬಹಳ ಕಷ್ಟ. ಆಟಗಾರನನ್ನು ತೂಗುವಾಗ ಎಷ್ಟು ತಪ್ಪು ಮಾಡಿದ ಎಂದಷ್ಟೇ ಎಣಿಸಬೇಡಿ. ಆ ತಪ್ಪಿನ ಬೇರು ಎಲ್ಲಿದೆ ಎಂದು ನೋಡಿ.

ಎರಡನೆಯದು, ಅವನ ಪಕ್ಕದಲ್ಲಿ ಯಾರು ನಿಲ್ಲುತ್ತಾರೆ? ಕಾರ್ನರ್ ಒಬ್ಬನೇ ಆಡುವ ಆಟವಲ್ಲ. ಅವನು ಕಾಲು ಹಿಡಿದರೆ ಪಕ್ಕದ ಆಟಗಾರ ರೈಡರನನ್ನು ಒಳಕ್ಕೆ ಒತ್ತಬೇಕು, ಕವರಿನಲ್ಲಿರುವವನು ದಾರಿ ಮುಚ್ಚಬೇಕು. ಎಳೆಯ ಕಾರ್ನರಿನ ಜೊತೆ ಕೈ ಹಿಡಿದು, "ಈಗ ಬೇಡ, ತಡಿ" ಎಂದು ಪಿಸುಗುಡುವ ಅನುಭವಿ ಒಬ್ಬ ಬೇಕು. ಅಂಥವನು ಇಲ್ಲದ ತಂಡದಲ್ಲಿ ಎಷ್ಟು ಒಳ್ಳೆಯ ಹುಡುಗನೂ ದಿಕ್ಕು ತಪ್ಪುತ್ತಾನೆ. ಆಮೇಲೆ ಜನ ಬಯ್ಯುವುದು ಮಾತ್ರ ಅವನನ್ನೇ.

ಮೂರನೆಯದು, ನೀವು ಎಷ್ಟು ಕಾಲ ಕಾಯುತ್ತೀರಿ? ಇಲ್ಲಿ ಬುಲ್ಸ್ ಅಭಿಮಾನಿಗಳಿಗೆ ಒಂದು ಹಳೆಯ ನೋವಿದೆ. 2015ರಲ್ಲಿ ಪ್ರದೀಪ್ ನರ್ವಾಲ್ ಎಂಬ ಎಳೆಯ ರೈಡರ್ ಮೊದಲು ಆಡಿದ್ದು ಬೆಂಗಳೂರಿಗೆ, ಕೆಲವೇ ಪಂದ್ಯಗಳಲ್ಲಿ. ಮುಂದಿನ ಋತುವಿಗೆ ಅವರು ಪಟ್ನಾ ಸೇರಿದರು. ಪಟ್ನಾ ಸಾಲಾಗಿ ಮೂರು ಬಾರಿ ಪ್ರಶಸ್ತಿ ಗೆದ್ದಿತು. 2017ರ ಒಂದೇ ಋತುವಿನಲ್ಲಿ ಪ್ರದೀಪ್ ಗಳಿಸಿದ ದಾಳಿ ಅಂಕಗಳು 369. ಕೈಯಲ್ಲಿದ್ದ ಸಸಿಯನ್ನು ಕಿತ್ತು ಪಕ್ಕದ ತೋಟಕ್ಕೆ ಕೊಟ್ಟಂತಾಯಿತು.

ಅದೇ ತಂಡ ತಾಳ್ಮೆ ತೋರಿದ ಉದಾಹರಣೆಯೂ ಇದೆ. 2019ರಲ್ಲಿ ಸೌರಭ್ ನಂದಲ್ ಎಂಬ ಹೊಸ ಡಿಫೆಂಡರ್ ಬುಲ್ಸ್ ಪರವಾಗಿ ಬಲ ಮೂಲೆಯಲ್ಲಿ ನಿಂತರು. ತಂಡ ಅವರನ್ನು ವರ್ಷದಿಂದ ವರ್ಷಕ್ಕೆ ಉಳಿಸಿಕೊಂಡಿತು. 2023ರಲ್ಲಿ ಅವರೇ ತಂಡದ ನಾಯಕರಾದರು. ಮೊದಲ ವರ್ಷವೇ ಕೈಬಿಟ್ಟಿದ್ದರೆ ಈ ನಾಯಕ ಸಿಗುತ್ತಿರಲಿಲ್ಲ.

ಕಾಯುವ ಪ್ರಶ್ನೆ ನಮ್ಮ ದೇಶಕ್ಕೆ ಮಾತ್ರ ಸೇರಿದ್ದಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲಿನಲ್ಲಿ ಹರಾಜಿಲ್ಲ. ಅಲ್ಲಿ ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ, ಕಳೆದ ವರ್ಷ ಹಿಂದೆ ಬಿದ್ದ ತಂಡಕ್ಕೆ ಮೊದಲ ಸರದಿ. ರಿಚರ್ಡ್ ಶೆರ್ಮನ್ ಎಂಬ ಆಟಗಾರ ಕಾಲೇಜಿನಲ್ಲಿ ಚೆಂಡು ಹಿಡಿಯುವ ಸ್ಥಾನದಿಂದ ರಕ್ಷಣೆಗೆ ಬದಲಾದವರು. 2011ರಲ್ಲಿ 153 ಮಂದಿ ಆಯ್ಕೆಯಾದ ನಂತರ ಅವರ ಹೆಸರು ಬಂತು. ಮೂರು ವರ್ಷ ತುಂಬುವುದರೊಳಗೆ ಅವರ ತಂಡ ದೇಶದ ಅತಿ ದೊಡ್ಡ ಪ್ರಶಸ್ತಿಯನ್ನು ಗೆದ್ದಿತು, ಅದರ ರಕ್ಷಣೆಯಲ್ಲಿ ಅವರದೇ ಮುಖ್ಯ ಪಾತ್ರ.

ನಾಲ್ಕನೆಯ ಪ್ರಶ್ನೆಯನ್ನು ನಿಮ್ಮ ಮನೆಯ ಹಿರಿಯರು ನನಗಿಂತ ಚೆನ್ನಾಗಿ ಬಲ್ಲರು. ಮಂಡ್ಯದ ವಿ.ಸಿ. ಫಾರ್ಮಿನಿಂದ ಹೊಸ ತಳಿಯೊಂದು ಬಂದರೆ ಬುದ್ಧಿವಂತ ರೈತ ಏನು ಮಾಡುತ್ತಾನೆ? ಬೇಡವೆಂದು ದೂರ ಇಡುವುದಿಲ್ಲ. ಇರುವ ಎರಡೆಕರೆಗೂ ಅದನ್ನೇ ಹಾಕುವುದೂ ಇಲ್ಲ. ಹತ್ತು ಗುಂಟೆಯಲ್ಲಿ ಹಾಕಿ ನೋಡುತ್ತಾನೆ. ಕೆಟ್ಟರೆ ಮನೆ ಮುಳುಗಬಾರದು, ಬೆಳೆದರೆ ಬೀಜ ಕೈಯಲ್ಲಿರಬೇಕು. ಹರಾಜಿನಲ್ಲೂ ಇದೇ ಲೆಕ್ಕ. 2025ರಲ್ಲಿ ಒಂದು ತಂಡ ಖರ್ಚು ಮಾಡಬಹುದಾಗಿದ್ದ ಒಟ್ಟು ಮಿತಿ 5 ಕೋಟಿ. ಕೊನೆಯ ವರ್ಗದ ಆಟಗಾರನ ಮೂಲಬೆಲೆ 9 ಲಕ್ಷ ಇತ್ತು. 9 ಲಕ್ಷದ ಹುಡುಗ ಹತ್ತು ಗುಂಟೆಗಿಂತಲೂ ಬಹಳ ಕಡಿಮೆಯ ಬೆಳೆ. ಕೋಟಿಯ ಹುಡುಗ ಅರ್ಧ ಎಕರೆಗೂ ಹತ್ತಿರ.

ಆ ಹರಾಜಿನಲ್ಲಿ ಕೊನೆಗೆ ಏನಾಯಿತು ಎಂದು ಕೇಳುತ್ತೀರಿ. ಬುಲ್ಸ್ ತಂಡ ಯೋಗೇಶ್ ದಹಿಯಾ ಎಂಬ ಎಳೆಯ ಕಾರ್ನರ್ ಆಟಗಾರನಿಗೆ 1 ಕೋಟಿ 12 ಲಕ್ಷ 50 ಸಾವಿರ ರೂಪಾಯಿ ಕೊಟ್ಟಿತು. 2023–24ರ ಋತುವಿನಲ್ಲಿ ದೆಹಲಿ ತಂಡದ ಪರ ಆಡಿ, ಶ್ರೇಷ್ಠ ಹೊಸ ಆಟಗಾರ ಪ್ರಶಸ್ತಿ ಪಡೆದಿದ್ದ ಹುಡುಗ. ಮಿತಿಯ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಹಣ ಒಂದೇ ಮೂಲೆಗೆ! ಆದರೆ ಅದೇ ವರ್ಷ ತಂಡದ ತರಬೇತಿಗೆ ಬಂದವರು ಕರ್ನಾಟಕದವರೇ ಆದ, ಅರ್ಜುನ ಪ್ರಶಸ್ತಿ ಪುರಸ್ಕೃತ ಬಿ.ಸಿ. ರಮೇಶ್. ಶಾದ್ಲೂಯಿ ಅವರಿದ್ದ ಪುಣೆ ತಂಡ ಚಾಂಪಿಯನ್ ಆದಾಗ ಅದರ ತರಬೇತುದಾರರೂ ಅವರೇ. ಹೊಸ ಬೀಜ ಹಾಕಿದ್ದು ನಿಜ, ಜೊತೆಗೆ ಬೆಳೆ ಬಲ್ಲ ರೈತನನ್ನೂ ಕರೆತಂದರು ಎನ್ನಬಹುದು.

ಮಿತ್ರರೇ, ಇಷ್ಟು ಹೊತ್ತು ತಂಡದ ಕಡೆಯಿಂದ ಮಾತಾಡಿದೆ. ಇನ್ನು ಹುಡುಗನ ಕಡೆಯಿಂದ ನೋಡೋಣ.

ಮಳವಳ್ಳಿ ಕಡೆಯ ಒಂದು ಊರಿನ ತಂಡ ದ್ವಿತೀಯ ಪಿಯುಸಿ ಓದುತ್ತಿದ್ದ ಹುಡುಗನೊಬ್ಬನನ್ನು ಎಡ ಕಾರ್ನರಿಗೆ ನಿಲ್ಲಿಸಿತು. ಮೊದಲ ರಾತ್ರಿ ನಾಲ್ಕು ಸಲ ಬಿದ್ದ, ನಾಲ್ಕು ಸಲವೂ ಹಿಡಿತ ತಪ್ಪಿತು, ತಂಡ ಸೋತಿತು. "ಇವನನ್ನ ತೆಗೀರಿ" ಎಂದು ಊರಿನವರೇ ಕೂಗಿದರು. ನಾಯಕ ತೆಗೆಯಲಿಲ್ಲ. ಮರುದಿನ ಒಂದೇ ಮಾತು ಹೇಳಿದ: "ಮೊದಲ ಹತ್ತು ನಿಮಿಷ ಯಾರನ್ನೂ ಹಿಡೀಬೇಡ. ಅವರ ಕಾಲು ಮಾತ್ರ ನೋಡ್ತಾ ಇರು." ಹುಡುಗ ನೋಡಿದ. ಹನ್ನೊಂದನೆಯ ನಿಮಿಷದಲ್ಲಿ ಹಿಡಿದ ಕಣಕಾಲು ಬಿಡಲಿಲ್ಲ.

ಕೆಲವು ತಿಂಗಳ ನಂತರ ಬೆಂಗಳೂರಿನ ಕ್ಲಬ್ಬೊಂದರಿಂದ ಕರೆ ಬಂತು. ಕೂಡಲೇ ಬರಬೇಕು ಎಂದರು. ಪರೀಕ್ಷೆಗೆ ಎರಡು ತಿಂಗಳಿತ್ತು. ಮನೆಯಲ್ಲಿ ಅಪ್ಪನಿಗೆ ಹೆಮ್ಮೆ. ತಾಯಿ ಮಾತ್ರ ಕೇಳಿದರು: "ಮಂಡಿ ಮುರ್ಕಂಡ್ರೆ ಆ ಕ್ಲಬ್ನೋರು ಇನ್ನೊಬ್ಬ ಹುಡುಗನ್ನ ತರ್ತಾರೆ. ನಾವು ಇನ್ನೊಬ್ಬ ಮಗನ್ನ ಎಲ್ಲಿಂದ ತರಾವ?"

ಬಸ್ಸಿನಲ್ಲಿ ಯಾರೂ ಕೇಳದ ಪ್ರಶ್ನೆ ಇದು. ತಂಡಕ್ಕೆ ಹುಡುಗ ಒಂದು ಪಣ, ತಪ್ಪಿದರೆ ಒಂದು ಋತು ಹೋಗುತ್ತದೆ. ಹುಡುಗನಿಗೆ ತಾನೇ ಪಣ, ತಪ್ಪಿದರೆ ಹೋಗುವುದು ಅವನ ಮುಂದಿನ ಬದುಕು. ಆ ಹುಡುಗ ಪರೀಕ್ಷೆ ಬರೆದೇ ಹೋಗುತ್ತೇನೆಂದು ಕ್ಲಬ್ಬಿಗೆ ತಿಳಿಸಿದ. ಅವರು ಕಾಯಲಿಲ್ಲ, ಬೇರೆಯವನನ್ನು ತೆಗೆದುಕೊಂಡರು. ಅವನು ಪಾಸಾಗಿ ಮಂಡ್ಯದ ಕಾಲೇಜೊಂದಕ್ಕೆ ಸೇರಿದ, ಕಾಲೇಜು ತಂಡದಲ್ಲಿ ಅದೇ ಎಡ ಮೂಲೆಯಲ್ಲಿ ನಿಂತ. ದೊಡ್ಡ ಹರಾಜಿನಲ್ಲಿ ಅವನ ಹೆಸರು ಬಂದಿಲ್ಲ, ಬರಬಹುದು, ಬಾರದೆಯೂ ಇರಬಹುದು. ರೈಲ್ವೆ, ಸೇನೆ, ಪೊಲೀಸ್ ಇಲಾಖೆಗಳಿಗೂ ಕಬಡ್ಡಿ ತಂಡಗಳಿವೆ. ಅಲ್ಲಿ ಆಟದ ಜೊತೆಗೆ ಓದೂ ಕೆಲಸಕ್ಕೆ ಬರುತ್ತದೆ. ಅವನೂ ತನ್ನ ಹತ್ತು ಗುಂಟೆಯನ್ನು ಆಟಕ್ಕೆ ಬಿಟ್ಟು, ಉಳಿದ ನೆಲವನ್ನು ಕಾಪಾಡಿಕೊಂಡ.

ನಾಳೆ ನಿಮ್ಮಲ್ಲಿ ಕೆಲವರು ಶಾಲೆಯ ತಂಡದ ನಾಯಕರಾಗಿ ಹೊಸಬನೊಬ್ಬನನ್ನು ಆರಿಸಬೇಕಾಗುತ್ತದೆ. ಆರಿಸುವ ಮೊದಲು ಈ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಆರಿಸಿದ ಮೇಲೆ ಅವನು ನಾಲ್ಕು ಸಲ ಬಿದ್ದನೆಂದು ಕೂಗಬೇಡಿ, ಐದನೆಯ ಸಲಕ್ಕೆ ಅವಕಾಶ ಕೊಡಿ. ಇನ್ನು ಕೆಲವರು ನೀವೇ ಆ ಮೂಲೆಯಲ್ಲಿ ನಿಲ್ಲಬೇಕಾಗುತ್ತದೆ. ಆಗ ಧೈರ್ಯದಿಂದ ನಿಲ್ಲಿ. ಆದರೆ ನಿಮ್ಮ ತಾಯಿ ಕೇಳುವ ಪ್ರಶ್ನೆಗೆ ಒಂದು ಉತ್ತರವನ್ನು ಸಿದ್ಧಮಾಡಿಕೊಂಡೇ ಅಂಕಣಕ್ಕೆ ಇಳಿಯಿರಿ.