ಪಲ್ಪರ್ ಮನೆಗೆ ಯಂತ್ರದ ಮೂಗು



ಡಿಸೆಂಬರ್ ಬಂತೆಂದರೆ ಮೂಡಿಗೆರೆ, ಕಳಸದ ಕಡೆ ಪಲ್ಪರ್ ಮನೆಗಳ ವಾಸನೆ ರಸ್ತೆಯವರೆಗೂ ಬರುತ್ತದೆ. ಸಿಪ್ಪೆ ಸುಲಿದ ಅರೇಬಿಕಾ ಬೀಜ ತೊಟ್ಟಿಯಲ್ಲಿ ಹುದುಗಿ ಲೋಳೆ ಬಿಡಬೇಕು. ರೈಟರು ಒಂದು ಹಿಡಿ ಬೀಜ ತೊಳೆದು ಉಜ್ಜಿ ನೋಡುತ್ತಾರೆ. ಸಣ್ಣ ಕಲ್ಲಿನಂತೆ ಗರಗರ ಎಂದರೆ ಹದ ಬಂದಿದೆ ಎಂದರ್ಥ. ಅದು ಮೀರಿದರೆ ಹುಳಿನಾತ ಹತ್ತುತ್ತದೆ. ಅಂಥ ಒಂದೇ ಬೀಜ ಒಂದು ಬಟ್ಟಲು ಕಾಫಿ ಕೆಡಿಸಲು ಸಾಕು. ದರ ಇಳಿದಾಗ ಪೆಟ್ಟು ಬೀಳುವುದು ಬೆಳೆಗಾರನಿಗೆ. ತೊಂದರೆಯೆಂದರೆ, ಬೆಳಗಿನಿಂದ ತೊಟ್ಟಿಯ ಬಳಿಯೇ ನಿಂತವರ ಮೂಗು ಆ ವಾಸನೆಗೆ ಒಗ್ಗಿಬಿಟ್ಟಿರುತ್ತದೆ.

ಹಾಗೆ ಒಗ್ಗದ ಮೂಗೊಂದನ್ನು ಬ್ರಿಟನ್ನಿನ ವಾರ್ವಿಕ್ ವಿಶ್ವವಿದ್ಯಾಲಯದ ಕೃಷ್ಣ ಪರ್ಸಾಡ್ ಮತ್ತು ಜಾರ್ಜ್ ಡಾಡ್ 1982ರಲ್ಲಿ ರೂಪಿಸಿದರು. ಈ ಬಗೆಯ ಯಂತ್ರದಲ್ಲಿ ಕಾಯಿಸಿದ ತವರದ ಆಕ್ಸೈಡಿಗೆ ಆವಿ ತಗುಲಿದಾಗ ಅದರ ವಿದ್ಯುತ್ ರೋಧ ಬದಲಾಗುತ್ತದೆ. ಹಲವು ಸಂವೇದಕಗಳ ಬದಲಾವಣೆ ಸೇರಿ ಒಂದು ನಮೂನೆ ಮೂಡುತ್ತದೆ. ಮನುಷ್ಯನ ಮೂಗೂ ನಮೂನೆಯಿಂದಲೇ ವಾಸನೆ ಗುರುತಿಸುತ್ತದೆ. ವಾಸನೆಯ ಗ್ರಾಹಕಗಳನ್ನು 1991ರಲ್ಲಿ ಕಂಡುಹಿಡಿದ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ಆದರೆ ಯಂತ್ರದಲ್ಲಿರುವುದು ಕೆಲವೇ ಬಗೆಯ ಸಂವೇದಕ, ಮನುಷ್ಯನಲ್ಲಿ ಸುಮಾರು 400 ಬಗೆಯ ಗ್ರಾಹಕ.

ಹುರಿದ ಕಾಫಿಯಲ್ಲಿ 800ಕ್ಕೂ ಹೆಚ್ಚು ಆವಿಯಾಗುವ ಸಂಯುಕ್ತಗಳಿವೆ. ಅವುಗಳಲ್ಲಿ ಫರ್ಫ್ಯೂರಿಲ್ ಥಯಾಲ್ ಎಂಬ ಗಂಧಕದ ಸಂಯುಕ್ತವನ್ನು ಮೂಗು ಲೀಟರು ನೀರಿಗೆ ಗ್ರಾಮಿನ 10 ಕೋಟಿಯಲ್ಲಿ ಒಂದು ಪಾಲಿದ್ದರೂ ಹಿಡಿಯುತ್ತದೆ. ಯಂತ್ರ ಹೆಚ್ಚು ಇರುವುದಕ್ಕೇ ಹೆಚ್ಚು ಕಿವಿಗೊಡುತ್ತದೆ, ಅಲ್ಲ, ಮೂಗುಗೊಡುತ್ತದೆ! ರುಚಿ ಪರೀಕ್ಷಕರು ಚಮಚದಿಂದ ಕಾಫಿಯನ್ನು ಸೊರ್ರನೆ ಹೀರುವುದು ಅಸಭ್ಯತೆಯಲ್ಲ. ಆವಿ ಗಂಟಲ ಹಿಂದಿನಿಂದ ಮೂಗಿಗೇರಲಿ ಎಂದು. ಆ ಹಿಂದಿನ ಬಾಗಿಲು ಯಂತ್ರಕ್ಕಿಲ್ಲ. 'ಇದು ಒಳ್ಳೆಯದು, ಇದು ನಾತ' ಎಂದು ಅದಕ್ಕೆ ಕಲಿಸುವವರೂ ಈ ಪರೀಕ್ಷಕರೇ.

ಆದ್ದರಿಂದ ಬಟ್ಟಲ ಮುಂದೆ ಮನುಷ್ಯನೇ ಇರಲಿ. ಯಂತ್ರಕ್ಕೆ ತಕ್ಕ ಜಾಗ ತೊಟ್ಟಿಯ ಬಳಿ. ಹುದುಗುವಾಗ ಏಳುವ ಮದ್ಯಸಾರದ ಆವಿಯನ್ನು ತವರದ ಆಕ್ಸೈಡು ಚೆನ್ನಾಗಿ ಹಿಡಿಯುತ್ತದೆ. ರಾತ್ರಿ ಎರಡು ಗಂಟೆಗೂ ತೂಕಡಿಸದು. ಕೋಲ್ಕತ್ತದ ಸಿ-ಡ್ಯಾಕ್ ಚಹಾ ಹುದುಗಿನ ಹದ ತಿಳಿಯಲು ಇಂಥ ಯಂತ್ರವನ್ನು ಪಳಗಿಸಿದೆ. ಕಾಫಿಯ ತೊಟ್ಟಿಯಲ್ಲಿ ನೀರಾವಿಯ ಕಾಟ ಹೆಚ್ಚು. ತೇವ ಏರಿಳಿದರೆ ಸಂವೇದಕದ ಲೆಕ್ಕವೂ ತಪ್ಪುತ್ತದೆ. ಅದನ್ನು ಆಗಾಗ ಸರಿಪಡಿಸುತ್ತಿರಬೇಕು. ಕಳಸದ ಎರಡೆಕರೆ ಬೆಳೆಗಾರನ ಮನೆಗೆ ಆ ಕೆಲಸಕ್ಕೆ ಯಾರು ಬರುತ್ತಾರೆ ಎಂಬುದನ್ನು ಯಂತ್ರ ಮಾರುವವರು ಮೊದಲು ಹೇಳಬೇಕು.