ಹಳೆಯ ಮೋಟಾರ್ ಸೈಕಲ್ಲಿನ ವಿದ್ಯುತ್ ದೋಷ
(ಕುಡುಮಲಕುಂಟೆಯ ರೈತರ ಕೂಟದಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ನಮ್ಮ ಕೂಟಗಳಲ್ಲಿ ಗೊಬ್ಬರ, ಬಿತ್ತನೆಗಳ ಮಾತೇ ವಾಡಿಕೆ. ಈ ಸಾರಿ ಮೋಟಾರ್ ಸೈಕಲ್ಲಿನ ಮಾತೆತ್ತಲು ಕಾರಣವಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಹೊರಬಂದ ಜಾವಾ, ಅನಂತರದ ಯೆಜ್ಡಿ ಗಾಡಿಗಳು, ಆ ಕಾರ್ಖಾನೆ 1996ರಲ್ಲಿ ನಿಂತ ಮೇಲೂ ಅಲ್ಲಲ್ಲಿ ಓಡುತ್ತಲೇ ಇವೆ. ಬೆಳಗ್ಗೆ ಹಾಲಿನ ಕ್ಯಾನು ಕಟ್ಟಿಕೊಂಡು ಹೊರಟಾಗ ಗಾಡಿ ನಿಂತರೆ ಡೈರಿಯ ವೇಳೆ ತಪ್ಪುತ್ತದೆ. ರಾತ್ರಿ ಗೌರಿಬಿದನೂರಿನಿಂದ ಬರುವಾಗ ದೀಪ ಆರಿದರೆ ಪ್ರಾಣಕ್ಕೇ ಸಂಚಕಾರ.

ಗಾಡಿ ಕೆಟ್ಟೊಡನೆ ಹೊಸ ಬ್ಯಾಟರಿ ಕೊಳ್ಳಲು ಓಡಬೇಡಿ. ನಾನೊಮ್ಮೆ ಹಾಗೆ ಓಡಿ ಹಣ ಕಳೆದುಕೊಂಡೆ; ದೋಷವಿದ್ದದ್ದು ಚಾಸಿಗೆ ಬಿಗಿದ ಅರ್ತ್ ತಂತಿಯ ತುಕ್ಕಿನಲ್ಲಿ! ಗದ್ದೆಗೆ ನೀರು ಬಾರದಿದ್ದರೆ ನೀವು ಬಾವಿಯಿಂದ ಕಾಲುವೆಯುದ್ದಕ್ಕೂ ನಡೆದು ನೋಡುವುದಿಲ್ಲವೇ? ಇಲ್ಲಿಯೂ ಹಾಗೆಯೇ ನಡೆಯಬೇಕು.

ಹಳೆಯ ಜಾವಾದಲ್ಲಿ ಇರುವುದು 6 ವೋಲ್ಟ್ ಮಾತ್ರ. ತುಕ್ಕಿನಲ್ಲಿ 1 ವೋಲ್ಟ್ ಕಳೆದರೆ ಆರರಲ್ಲೊಂದು ಪಾಲು ಹೋಯಿತು. ದೀಪ ಮಂಕಾಗುತ್ತದೆ, ಪ್ಲಗ್ಗಿನ ಕಿಡಿಯೂ ಸೊರಗುತ್ತದೆ. ಆದ್ದರಿಂದ 6 ವೋಲ್ಟಿನ ಒಂದು ಬಲ್ಬಿಗೆ ಎರಡು ತಂತಿ ಕಟ್ಟಿ ಇಟ್ಟುಕೊಳ್ಳಿ. ಮೊದಲು ಬ್ಯಾಟರಿಯ ಎರಡು ತುದಿಗೂ ಮುಟ್ಟಿಸಿ. ಚೆನ್ನಾಗಿ ಉರಿದರೆ, ಅರ್ತ್ ತಂತಿಯಿರುವ ತುದಿಯನ್ನು ಬಿಟ್ಟು ಆ ತಂತಿಯನ್ನು ಚಾಸಿಯ ಬಣ್ಣ ಕೆರೆದ ಜಾಗಕ್ಕೆ ಮುಟ್ಟಿಸಿ. ಈಗ ಮಂಕಾದರೆ ತಪ್ಪು ಅರ್ತ್ ತಂತಿಯದು. ಬಿಚ್ಚಿ, ಉಜ್ಜಿ, ಬಿಗಿಯಿರಿ. ಅಲ್ಲಿ ಸರಿಯಿದ್ದರೆ ಫ್ಯೂಸಿನ ಎರಡು ಬದಿ, ಆಮೇಲೆ ಬೀಗದ ಸ್ವಿಚ್ಚು, ಆಮೇಲೆ ಕಾಯಿಲ್, ಹೀಗೆ ಮುಂದೆ ಹೋಗಿ. ಬಲ್ಬು ಎಲ್ಲಿ ಆರಿತೋ ಅದಕ್ಕೆ ಸ್ವಲ್ಪ ಹಿಂದೆಯೇ ದೋಷ.

ಹ್ಯಾಂಡಲ್ ತಿರುಗಿಸಿದಾಗ ದೀಪ ಮಿನುಗಿದರೆ ಕತ್ತಿನ ಹತ್ತಿರ ತಂತಿ ಸವೆದಿದೆ. ಮುಸುಕಿನ ಜೋಳದ ಚೀಲಗಳ ಪಕ್ಕ ಗಾಡಿ ನಿಲ್ಲಿಸುವವರು ಇಲಿ ಕಡಿದಿದೆಯೇ ಎಂದೂ ನೋಡಿ.

ಫ್ಯೂಸು ಹೋದಾಗ ಸಿಗರೇಟಿನ ಬೆಳ್ಳಿ ಕಾಗದ ಸುತ್ತುವವರಿದ್ದಾರೆ. ಪಂಪ್‌ಸೆಟ್ಟಿಗೆ ದಪ್ಪ ತಾಮ್ರದ ತಂತಿ ಹಾಕುವವರೂ ಇವರೇ! ಫ್ಯೂಸು ಸುಡುವುದು ತಂತಿ ಸುಡದಿರಲೆಂದು. ಅದನ್ನು ಕಟ್ಟಿಹಾಕಿದರೆ ತಂತಿಯ ಹೊದಿಕೆ ಕರಗಿ ಕಿಡಿ ಹಾರೀತು. ಮೇಲೆಯೇ ಪೆಟ್ರೋಲ್ ಟ್ಯಾಂಕಿದೆ. ಹೊಸ ಫ್ಯೂಸು ಮತ್ತೆ ಸುಟ್ಟರೆ ಎಲ್ಲೋ ತಂತಿ ಚಾಸಿಗೆ ತಗಲುತ್ತಿದೆ ಎಂದರ್ಥ, ಹುಡುಕಿ ಹಿಡಿಯಿರಿ.

ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ನಮ್ಮ ಬೋರ್‌ವೆಲ್ ನೀರಿನ ಲವಣ ಒಳಗಿನ ತಗಡುಗಳನ್ನು ಕೆಡಿಸುತ್ತದೆ. ತುದಿಗಳಲ್ಲಿ ಬಿಳಿ ಪುಡಿ ಕಟ್ಟಿದ್ದರೆ ಅಡುಗೆ ಸೋಡದ ನೀರಿನಿಂದ, ಒಳಗೆ ಹನಿ ಬೀಳದಂತೆ ಒರೆಸಿ, ಒಣಗಿದ ಮೇಲೆ ತಂತಿ ಬಿಗಿದು ವ್ಯಾಸಲೀನ್ ಸವರಿ.

ಕೆಂಪು ದೀಪವೊಂದನ್ನು ಮರೆಯಬೇಡಿ. ಕೀಲಿ ಹಾಕಿದಾಗ ಅದು ಉರಿಯಬೇಕು, ಎಂಜಿನ್ ವೇಗ ಹಿಡಿದಾಗ ಆರಬೇಕು. ಆರದಿದ್ದರೆ ಡೈನಮೋ ಬ್ಯಾಟರಿಯನ್ನು ತುಂಬುತ್ತಿಲ್ಲ. ಬಹಳ ಸಾರಿ ಕಾರ್ಬನ್ ಬ್ರಷ್ ಸವೆದಿರುತ್ತದೆ. ಆ ಕೆಲಸವನ್ನು ಮಾತ್ರ ಮೆಕ್ಯಾನಿಕ್ಕಿಗೆ ಬಿಡಿ; ಅಂಗಳದಲ್ಲಿ ಕುಳಿತು ಡೈನಮೋ ಬಿಚ್ಚಬೇಡಿ.